ಸವೆದದ್ದು ಎಷ್ಟು, ಕೆಡಿಸಿದ್ದು ಎಷ್ಟು?

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ತಿಪಟೂರಿನ ಕಡೆ ಸಣ್ಣದೊಂದು ತೆಂಗಿನ ತೋಟ ಇಟ್ಟುಕೊಂಡವರು. ಕಾಫಿ ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟರು.

“ಮೇಷ್ಟ್ರೇ, ಲಾಯರ್ ಹತ್ರ ಹೋಗೋಕೆ ನಂಗೆ ಇಷ್ಟ ಇಲ್ಲ. ನೀವು ಸೈನ್ಸ್ ಮೇಷ್ಟ್ರು. ಗೋಡೆ ಒದ್ದೆ ಆಗಿರೋದು ಹುಡುಗರಿಂದಾನಾ, ಮನೆಯಿಂದಾನಾ? ಅಷ್ಟು ಹೇಳಿ ಸಾಕು.”

ವಿಷಯ ಇಷ್ಟು. ಅವರ ಮಗ ಮತ್ತು ಇನ್ನಿಬ್ಬರು ಗೆಳೆಯರು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತ, ಎರಡು ವರ್ಷ ಒಂದು ಬಾಡಿಗೆ ಮನೆಯಲ್ಲಿದ್ದರು. ತಿಂಗಳಿಗೆ 15,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್. ತಮ್ಮ ಪಾಲಿನ ಅಡ್ವಾನ್ಸ್ ಹೊಂದಿಸಲು ಈ ತಂದೆ ಹೆಂಡತಿಯ ಸರವನ್ನು ಬ್ಯಾಂಕಿನಲ್ಲಿ ಅಡ ಇಟ್ಟಿದ್ದರು. ಮನೆ ಖಾಲಿ ಮಾಡಿದ ಮೇಲೆ ಮಾಲೀಕರು ಒಂದು ಪಟ್ಟಿ ಕೊಟ್ಟಿದ್ದಾರೆ. ಸುಣ್ಣ-ಬಣ್ಣಕ್ಕೆ 15,000, ತೇವ ಹಿಡಿದ ಗೋಡೆಯ ಗಾರೆಗೆ 9,000, ಬಚ್ಚಲ ನೆಲಕ್ಕೆ 6,000, ಸುಟ್ಟುಹೋದ ಪ್ಲಗ್ ಪಾಯಿಂಟ್ ಮತ್ತು ವೈರಿಂಗ್‌ಗೆ 2,500, ನಲ್ಲಿಗಳಿಗೆ 1,800, ಒಡೆದ ಕಿಟಕಿ ಗಾಜಿಗೆ 1,200. ಒಟ್ಟು 35,500. ಲಕ್ಷದಲ್ಲಿ ಅದನ್ನು ಕಳೆದು ಉಳಿದದ್ದನ್ನು ಕೊಡುತ್ತೇವೆ ಎಂದಿದ್ದಾರೆ.

ಓದುಗರೇ, ಇದು ಒಬ್ಬರ ಮನೆಯ ಕಥೆಯಲ್ಲ. ಪಿಯುಸಿ ಮುಗಿದ ಕೂಡಲೇ ನಮ್ಮ ಮಕ್ಕಳು ಮೈಸೂರಿಗೋ, ಹುಬ್ಬಳ್ಳಿಗೋ, ಮಂಗಳೂರಿಗೋ, ಬೆಂಗಳೂರಿಗೋ ಹೋಗಿ ಬಾಡಿಗೆ ಮನೆ ಹಿಡಿಯುತ್ತಾರೆ. ಹಾಗೆಯೇ ನಮ್ಮಲ್ಲಿ ಅನೇಕರು ಕಷ್ಟಪಟ್ಟು ಕಟ್ಟಿದ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟು ಸಾಲದ ಕಂತು ತೀರಿಸುತ್ತಿರುತ್ತಾರೆ. ಇಬ್ಬರ ನಡುವೆ ಮನೆ ಬಿಡುವ ದಿನ ಏಳುವ ಪ್ರಶ್ನೆ ಒಂದೇ. ಮನೆಯಲ್ಲಿ ತಾನಾಗಿ ಸವೆದದ್ದು ಎಷ್ಟು, ಇದ್ದವರು ಕೆಡಿಸಿದ್ದು ಎಷ್ಟು?

ಕಾನೂನಿಗೆ ಈ ಪ್ರಶ್ನೆ ಹೊಸದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಇದಕ್ಕೆ ಒಂದು ಸಾಮಾನ್ಯ ಸೂತ್ರ ಹಾಕಿಕೊಟ್ಟಿದೆ. ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದಾದ ಸವೆತಕ್ಕೂ, ತಡೆಯಲಾಗದ ಶಕ್ತಿಗಳಿಂದಾದ ಹಾನಿಗೂ ಅವನು ಹೊಣೆಯಲ್ಲ. ಅವನ ಕೃತ್ಯದಿಂದಲೋ ತಪ್ಪಿನಿಂದಲೋ ಕೆಟ್ಟದ್ದನ್ನು ಮಾತ್ರ ಅವನು ಸರಿಪಡಿಸಿಕೊಡಬೇಕು. ಕಾಯ್ದೆ ಇಷ್ಟು ಹೇಳಿದೆ, ಸರಿ. ಆದರೆ ಒಂದು ಕಲೆಯನ್ನು ನೋಡಿ, ಇದು ಕಾಲದ ಕೆಲಸವೋ ಕೈಯ ಕೆಲಸವೋ ಎಂದು ಹೇಳುವುದು ಹೇಗೆ? ಅಲ್ಲಿಗೆ ಬೇಕಾದದ್ದು ಹೈಸ್ಕೂಲಿನ ವಿಜ್ಞಾನ.

ಆ ಭಾನುವಾರ ನಾನೂ ಅವರ ಜೊತೆ ಬೆಂಗಳೂರಿಗೆ ಹೋದೆ. ಯಾಕೆ ಹೋದೆ ಎಂಬುದಕ್ಕೆ ನನ್ನದೇ ಒಂದು ಕಾರಣ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಮಾಲೀಕರು ನಿವೃತ್ತರು, ಕೆಟ್ಟವರೇನಲ್ಲ. ಬಾಗಿಲು ತೆಗೆದು, “ನೋಡಿ ಮೇಷ್ಟ್ರೇ, ಹೊಸಾ ಬಣ್ಣ ಹೊಡೆಸಿ ಕೊಟ್ಟಿದ್ದೆ. ಈಗ ಹೇಗಾಗಿದೆ!” ಎಂದು ನೊಂದುಕೊಂಡರು. ಹುಡುಗರು ತಲೆ ತಗ್ಗಿಸಿ ನಿಂತಿದ್ದರು.

ಗೋಡೆಯ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದ ಜಾಗದಲ್ಲಿ ಒಂದು ಚೌಕ ಕಾಣುತ್ತಿತ್ತು. ಚೌಕದ ಒಳಗೆ ಬಣ್ಣ ಗಾಢವಾಗಿ ಹಾಗೇ ಇತ್ತು, ಸುತ್ತ ಮಾಸಿತ್ತು. ಮಕ್ಕಳೇ, ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಪ್ರಯೋಗಶಾಲೆಯಲ್ಲಿ ಸಿಕ್ಕೀತು? ಅದೇ ಗೋಡೆ, ಅದೇ ಬಣ್ಣ, ಅದೇ ಎರಡು ವರ್ಷ. ವ್ಯತ್ಯಾಸ ಒಂದೇ, ಒಂದು ಕಡೆ ಬೆಳಕು, ಗಾಳಿ, ಧೂಳು ತಾಗಿದೆ, ಇನ್ನೊಂದು ಕಡೆ ತಾಗಿಲ್ಲ. ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಅಣುಗಳನ್ನೂ, ಅವನ್ನು ಗೋಡೆಗೆ ಹಿಡಿದಿಡುವ ಅಂಟನ್ನೂ ನಿಧಾನವಾಗಿ ಒಡೆಯುತ್ತವೆ. ಯಾರೂ ಕಾಲಿಡದೆ ಬೀಗ ಹಾಕಿಟ್ಟ ಮನೆಯಲ್ಲೂ ಕಿಟಕಿಯ ಎದುರಿನ ಗೋಡೆ ಮಾಸಿಯೇ ಮಾಸುತ್ತದೆ. ಇದು ಸವೆತ.

ಕಾಲದ ಕೆಲಸಕ್ಕೆ ಒಂದು ಗುರುತಿದೆ. ಅದು ನಿಧಾನವಾಗಿ, ಹೆಚ್ಚು ಕಡಿಮೆ ಎಲ್ಲ ಕಡೆಯೂ ಹರಡಿಕೊಂಡು ನಡೆಯುತ್ತದೆ. ಬಾಗಿಲ ಬಳಿ ನೆಲ ನುಣ್ಣಗಾಗುವುದು, ನಲ್ಲಿಯ ರಬ್ಬರ್ ವಾಷರ್ ಗಟ್ಟಿಯಾಗಿ ನೀರು ತೊಟ್ಟಿಕ್ಕುವುದು, ಮಳೆಗಾಲದಲ್ಲಿ ಮರದ ಬಾಗಿಲು ತೇವ ಹೀರಿ ಉಬ್ಬಿ ಬಿಗಿಯಾಗುವುದು, ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಯುವುದು ಎಲ್ಲ ಇದೇ ಜಾತಿ. ಕೆಲವು ಹಳೆಯ ಮನೆಗಳಲ್ಲಿ ಚಾವಣಿಯ ಗಾರೆ ಚಕ್ಕೆಚಕ್ಕೆಯಾಗಿ ಬಿದ್ದು, ಒಳಗಿನ ಕಬ್ಬಿಣದ ಸರಳು ಕಾಣುತ್ತಿರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ತಳ್ಳಿ ಕಾಂಕ್ರೀಟನ್ನು ಸೀಳುತ್ತದೆ. ಅದಕ್ಕೆ ಬಾಡಿಗೆಯವರ ಮಗು ಚೆಂಡು ಎಸೆದದ್ದು ಕಾರಣವಾಗಲಾರದು.

ಕೈಯ ಕೆಲಸದ ಗುರುತು ಬೇರೆ. ಅದು ಒಂದೇ ಜಾಗದಲ್ಲಿ, ಒಂದೇ ಸಲಕ್ಕೆ ಆಗುತ್ತದೆ. ಒಡೆದ ಗಾಜಿನ ಮುಂದೆ ನಿಂತಾಗ ಹುಡುಗರು ಏನನ್ನೂ ಮುಚ್ಚಿಡಲಿಲ್ಲ. ಒಳಗೆ ಟೆನ್ನಿಸ್ ಬಾಲಿನಲ್ಲಿ ಕ್ರಿಕೆಟ್ ಆಡಿದ್ದೆವು ಎಂದರು. 1,200 ರೂಪಾಯಿಗೆ ಯಾರ ತಕರಾರೂ ಇರಲಿಲ್ಲ.

ಸುಟ್ಟ ಪ್ಲಗ್ ಪಾಯಿಂಟ್ ನೋಡಿದಾಗ, “ಇದರಲ್ಲಿ ಏನು ಹಾಕ್ತಿದ್ರಿ?” ಎಂದು ಕೇಳಿದೆ. “ನೀರು ಕಾಯಿಸೋ ರಾಡು ಸರ್, 1,500 ವ್ಯಾಟಿಂದು.” ವಿದ್ಯಾರ್ಥಿಗಳೇ, ಲೆಕ್ಕ ಹಾಕಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 1,500ನ್ನು 230ರಿಂದ ಭಾಗಿಸಿದರೆ ಆರೂವರೆ ಆಂಪಿಯರ್. ಆ ಸಾಕೆಟ್ಟಿನ ಮೇಲೆ ಬರೆದಿರುವುದು 6 ಆಂಪಿಯರ್. ರಾಡಿಗೆ ಬೇಕಾದದ್ದು 16 ಆಂಪಿಯರ್‌ನ ದೊಡ್ಡ ಪಾಯಿಂಟ್. ದಿನಾ ಬೆಳಿಗ್ಗೆ ಮೂವರ ಸ್ನಾನಕ್ಕೆ ಗಂಟೆಗಟ್ಟಲೆ ಮಿತಿ ಮೀರಿ ವಿದ್ಯುತ್ ಹರಿದು, ಸಾಕೆಟ್ ಕಾದು, ಪ್ಲಾಸ್ಟಿಕ್ ಕರಗಿದೆ. ಆ ಮೂವರೂ ವಿದ್ಯುತ್ತಿನ ಪಾಠ ಓದಿದವರು, ಪರೀಕ್ಷೆಯಲ್ಲಿ ಇದೇ ಲೆಕ್ಕ ಬಿಡಿಸಿ ಅಂಕ ತೆಗೆದವರು! ಪ್ರಾಣಕ್ಕೆ ಅಪಾಯವಾಗಲಿಲ್ಲ ಎಂಬುದೇ ಸಮಾಧಾನ. 2,500 ರೂಪಾಯಿ ಅವರೇ ಕೊಡಬೇಕಾದದ್ದು.

ಬಚ್ಚಲ ನೆಲದ ಪ್ರಶ್ನೆ ಸ್ವಲ್ಪ ತೊಡಕಿನದು. ಅಲ್ಲಿಯದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಆರಿದಾಗ ಅವು ಬಿಳಿ ಪದರವಾಗಿ ನೆಲದ ಮೇಲೆ, ನಲ್ಲಿಯ ಬಾಯಿಯಲ್ಲಿ, ಬಕೆಟ್ಟಿನಲ್ಲಿ ಕೂರುತ್ತವೆ. ಆ ಬಿಳಿ ಕಲೆ ಬಾಡಿಗೆಯವರ ತಪ್ಪಲ್ಲ. ಆದರೆ ಮನೆ ಬಿಡುವ ಮುಂಚೆ ನೆಲ ಬೆಳ್ಳಗೆ ಕಾಣಲಿ ಎಂದು ಹುಡುಗರು ಅಂಗಡಿಯಿಂದ ಆಸಿಡ್ ತಂದು ಸುರಿದಿದ್ದರು. ಆಸಿಡ್ ಬಿಳಿ ಕಲೆಯನ್ನು ತಿಂದು ಅಲ್ಲಿಗೆ ನಿಲ್ಲಲಿಲ್ಲ. ಮೊಸಾಯಿಕ್ ನೆಲದ ಅಮೃತಶಿಲೆಯ ಚೂರುಗಳೂ ಮೂಲತಃ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅವುಗಳ ನಡುವಿನ ಸಿಮೆಂಟನ್ನೂ ಆಸಿಡ್ ಬಿಡುವುದಿಲ್ಲ. ನೆಲ ಒರಟಾಗಿ, ಸಂದುಗಳು ತೆರೆದುಕೊಂಡಿದ್ದವು. ಒಳ್ಳೆಯ ಉದ್ದೇಶದಿಂದಲೇ ಕೆಡಿಸಿದ್ದರು. ಆದರೂ ಕೆಡಿಸಿದ್ದೇ ತಾನೆ?

ಇಲ್ಲಿ ಇನ್ನೊಂದು ಲೆಕ್ಕವಿದೆ. ಆ ನೆಲ ಹೊಸದಲ್ಲ, ಬಹಳ ವರ್ಷ ತುಳಿಸಿಕೊಂಡದ್ದು. ಹಳೆಯದನ್ನು ಕೆಡಿಸಿದವನಿಂದ ಹೊಸದರ ಪೂರ್ತಿ ಬೆಲೆ ವಸೂಲು ಮಾಡಿದರೆ ಮಾಲೀಕನಿಗೆ ನಷ್ಟ ತುಂಬಿದಂತಾಗದೆ ಲಾಭವಾದಂತಾಗುತ್ತದೆ. ಉದಾಹರಣೆಗೆ, ಗೋಡೆಯ ಬಣ್ಣ ಐದು ವರ್ಷ ಬಾಳುತ್ತದೆ, ಹೊಡೆಸಲು 20,000 ರೂಪಾಯಿ ಆಗಿತ್ತು ಎಂದಿಟ್ಟುಕೊಳ್ಳಿ. ನಾಲ್ಕು ವರ್ಷ ಕಳೆದ ಮೇಲೆ ಮಗುವೊಂದು ಗೋಡೆ ತುಂಬ ಕ್ರೇಯಾನಿನಲ್ಲಿ ಗೀಚಿದರೆ, ನಷ್ಟವಾದದ್ದು ಬಣ್ಣದ ಉಳಿದ ಒಂದು ವರ್ಷದ ಆಯುಸ್ಸು ಮಾತ್ರ. ಎಂದರೆ 4,000 ರೂಪಾಯಿ. ನಾನು ಈ ಲೆಕ್ಕ ಹೇಳಿದಾಗ ಮಾಲೀಕರು ಕೊಂಚ ಯೋಚಿಸಿ, “ನೆಲಕ್ಕೆ ಅರ್ಧ ಹಾಕೋಣ ಬಿಡಿ” ಎಂದರು. 6,000 ಇದ್ದದ್ದು 3,000 ಆಯಿತು. ನಲ್ಲಿಗಳದ್ದೂ ಹಾಗೆಯೇ. ವಾಷರ್ ಬದಲಾಯಿಸುವಂಥ ಸಣ್ಣ ಕೆಲಸ ಇದ್ದವರದು, ಗಡಸು ನೀರು ತಿಂದುಹಾಕಿದ ನಲ್ಲಿ ಮನೆಯದು ಎಂದು ಮಾತಾಗಿ 1,800 ಇದ್ದದ್ದು 600ಕ್ಕೆ ಇಳಿಯಿತು.

ಇನ್ನು ಬಣ್ಣ. ಸವೆತವೆಂದು ನಾನೇ ಹೇಳಿದ ಮೇಲೆ 15,000 ರೂಪಾಯಿ ಬಿಟ್ಟುಕೊಡಬೇಕಲ್ಲವೆ? ಇಲ್ಲ. ಮಾಲೀಕರು ಕರಾರು ಪತ್ರ ತಂದು ತೋರಿಸಿದರು. ಮನೆ ಬಿಡುವಾಗ ಸುಣ್ಣ-ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು ಎಂದು ಅದರಲ್ಲಿ ಬರೆದಿತ್ತು, ಕೆಳಗೆ ಮೂವರ ಸಹಿಯೂ ಇತ್ತು. ನಾನು ಹೇಳಿದ 108ನೇ ಕಲಮಿನ ನಿಯಮಗಳು ಅನ್ವಯಿಸುವುದು ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿರುವಾಗ. ಬೆಂಗಳೂರಿನಲ್ಲಂತೂ ಒಂದು ತಿಂಗಳ ಬಾಡಿಗೆ ಮುರಿಯುವುದು ಬಹುಕಾಲದ ರೂಢಿ. “ಓದಿರಲಿಲ್ವೇನಪ್ಪಾ?” ಎಂದು ತಂದೆ ಮಗನನ್ನು ಕೇಳಿದರು. ಹುಡುಗ ಮಾತಾಡಲಿಲ್ಲ. ಆದರೆ ಮೊಳೆ ಹೊಡೆದ ತೂತುಗಳಿಗೆ ಬೇರೆ ಹಣ ಕೇಳಬಾರದು, ಬಣ್ಣದ ಹಣದಲ್ಲೇ ಅದೂ ಸೇರಿತು ಎಂಬುದನ್ನು ಮಾಲೀಕರು ಒಪ್ಪಿದರು.

ಈ ವಿಷಯದಲ್ಲಿ ಪೋಷಕರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದು ಅದು ಹೇಳುತ್ತದೆ. ಯಾವ ರಿಪೇರಿ ಯಾರದು ಎಂಬ ಪಟ್ಟಿಯೂ ಅದರಲ್ಲಿದೆ. ಕಟ್ಟಡದ ದುರಸ್ತಿ, ಗೋಡೆಯ ಸುಣ್ಣ, ಬಾಗಿಲು ಕಿಟಕಿಗಳ ಬಣ್ಣ, ಕೊಳಾಯಿ ಪೈಪುಗಳು, ವೈರಿಂಗ್ ಮಾಲೀಕನವು. ನಲ್ಲಿ ಮತ್ತು ವಾಷರ್, ಚರಂಡಿ ಶುಚಿ, ಸ್ವಿಚ್ಚು ಸಾಕೆಟ್ಟು, ಬೀಗ ಹಿಡಿಕೆ, ಕಿಟಕಿಯ ಗಾಜು ಬಾಡಿಗೆದಾರನವು. ಅದರಲ್ಲೂ ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಳ್ಳಲು ಅವಕಾಶವಿದೆ. ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯವೊಂದು ತನ್ನ ಕಾನೂನಾಗಿ ಮಾಡಿಕೊಂಡಾಗ ಮಾತ್ರ ಅಲ್ಲಿ ಅದಕ್ಕೆ ಬಲ. ಆದರೆ ಕರಾರು ಬರೆಯುವಾಗ ಎದುರಿಗಿಟ್ಟುಕೊಂಡು ಮಾತಾಡಲು ಅದು ಒಳ್ಳೆಯ ಪಟ್ಟಿ.

ಕೊನೆಗೆ ಉಳಿದದ್ದು ತಂದೆ ಕೇಳಿದ ಒದ್ದೆ ಗೋಡೆ. “ಒಳಗೆ ಬಟ್ಟೆ ಒಣಗಿಹಾಕ್ತಿದ್ರು, ಅದಕ್ಕೇ ಹೀಗಾಗಿದೆ” ಎಂಬುದು ಮಾಲೀಕರ ವಾದ. ಅದು ಪೂರಾ ಸುಳ್ಳಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನಾ ಬಟ್ಟೆ ಒಣಗಿಸಿದರೆ ಆ ನೀರಿನ ಆವಿ ತಣ್ಣಗಿರುವ ಮೂಲೆಗಳಲ್ಲಿ ಕೂತು ಕಪ್ಪು ಚುಕ್ಕೆಯ ಬೂಷ್ಟು ಬೆಳೆಯುತ್ತದೆ. ಆದರೆ ಗೋಡೆಯ ಒದ್ದೆಗೆ ಒಂದೊಂದು ಕಾರಣಕ್ಕೂ ಒಂದೊಂದು ಆಕಾರವಿದೆ. ನೆಲದಿಂದ ಏರುವ ನೀರು, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಹತ್ತಿ, ಸಾಮಾನ್ಯವಾಗಿ ಮೂರಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಉಪ್ಪಿನಂಥ ಬಿಳಿ ಪುಡಿ ಬಿಡುತ್ತದೆ. ಆವಿಯ ಒದ್ದೆ ಮೂಲೆಗಳಲ್ಲಿ, ಬೀರುವಿನ ಹಿಂದೆ ತೆಳ್ಳಗೆ ಹರಡುತ್ತದೆ. ಪೈಪಿನ ಸೋರಿಕೆ ಒಂದು ಜಾಗದಿಂದ ಹೊರಟು ಇಳಿಯುತ್ತದೆ.

ಇಲ್ಲಿ ಕಲೆ ಚಾವಣಿಯ ಹತ್ತಿರ ಶುರುವಾಗಿ ಕೆಳಗೆ ನಾಲಿಗೆ ಚಾಚಿದಂತೆ ಇಳಿದಿತ್ತು. ಮನೆ ಬೀಗ ಹಾಕಿ ಹನ್ನೆರಡು ದಿನವಾಗಿದ್ದರೂ, ಒಂದು ಬಟ್ಟೆ ಒಣಗಿಸುವವರಿಲ್ಲದಿದ್ದರೂ, ಮುಟ್ಟಿದರೆ ಬೆರಳು ತಣ್ಣಗಾಗುತ್ತಿತ್ತು. “ಒಂದ್ಸಲ ಮೇಲೆ ಹೋಗಿ ನೋಡೋಣ್ವಾ ಯಜಮಾನ್ರೇ?” ಎಂದೆ. ಟ್ಯಾಂಕಿನಿಂದ ಇಳಿಯುವ ಪೈಪಿನ ಜಾಯಿಂಟಿನಲ್ಲಿ ನೀರು ಹನಿಯುತ್ತಿತ್ತು. ಹನಿ ಬಿದ್ದಲ್ಲಿ ಪಾಚಿ ದಪ್ಪಗೆ ಬೆಳೆದಿತ್ತು. ಅಷ್ಟು ಪಾಚಿ ಒಂದೆರಡು ದಿನದಲ್ಲಿ ಬೆಳೆಯುವುದಿಲ್ಲ. ಮಾಲೀಕರು ಅದನ್ನು ನೋಡುತ್ತ ಒಂದು ಕ್ಷಣ ನಿಂತರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಪಟ್ಟಿಯಲ್ಲಿದ್ದ 9,000ವನ್ನು ತಾವೇ ಹೊಡೆದುಹಾಕಿದರು.

ಆದರೂ ಹುಡುಗರನ್ನು ನಾನು ಕೇಳಿದೆ. “ಕಲೆ ಯಾವಾಗ ಶುರುವಾಯ್ತು?” “ಹೋದ ಮಳೆಗಾಲದಲ್ಲಿ ಸರ್.” “ಇವರಿಗೆ ಯಾಕೆ ಹೇಳಲಿಲ್ಲ?” ಉತ್ತರವಿರಲಿಲ್ಲ. ಸವೆತ, ಕೇಡು ಇವೆರಡರ ನಡುವೆ ಮೂರನೆಯದೊಂದಿದೆ, ಅದು ಅಲಕ್ಷ್ಯ. ಸೋರುವುದನ್ನು ಕಂಡೂ ಹೇಳದಿದ್ದರೆ ಸಣ್ಣ ಸವೆತ ದೊಡ್ಡ ಹಾನಿಯಾಗುತ್ತದೆ, ಆಗ ಕಂಡವನೂ ಪಾಲುದಾರ. ಹೇಳಿದ ಮೇಲೂ ಮಾಲೀಕ ಸುಮ್ಮನಿದ್ದರೆ ಆ ಅಲಕ್ಷ್ಯ ಅವನದು. ಮಾಲೀಕ ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಅದೇ 108ನೇ ಕಲಮಿನಲ್ಲಿದೆ. ಅದಕ್ಕೇ ಬರೆದು ತಿಳಿಸಬೇಕು. ಫೋನಿನಲ್ಲಿ ಕಳುಹಿಸಿದ ಎರಡು ಸಾಲಿನ ಸಂದೇಶವೂ ತಾರೀಖಿನ ಸಮೇತ ಉಳಿಯುತ್ತದೆ.

ಅಂತೂ 35,500 ಇದ್ದದ್ದು 22,300ಕ್ಕೆ ಬಂತು. 13,200 ರೂಪಾಯಿ ಉಳಿಯಿತು. ಕೊಡಬೇಕಾದದ್ದನ್ನು ಕೊಟ್ಟು, ಬರಬೇಕಾದದ್ದನ್ನು ಪಡೆದು ಎದ್ದರು. ಮಾಲೀಕರ ಮನೆಯವರು ಎಲ್ಲರಿಗೂ ಕಾಫಿ ಕೊಟ್ಟರು.

ಈಗ ನನ್ನ ಕಾರಣ. 2009ರಲ್ಲಿ ನಾನು ತುಮಕೂರಿನಲ್ಲಿ ಸಾಲ ಮಾಡಿ ಕಟ್ಟಿದ ಮನೆಯ ಕೆಳಗಿನ ಭಾಗವನ್ನು ಬಸ್ ಕಂಡಕ್ಟರ್ ಒಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ಮೂರು ವರ್ಷದ ಮೇಲೆ ಅವರಿಗೆ ವರ್ಗವಾಯಿತು. ಮನೆ ನೋಡಲು ಹೋದರೆ ಅಡಿಗೆಮನೆಯ ಗೋಡೆ ತೇವ ಹಿಡಿದು ಗಾರೆ ಉದುರುತ್ತಿತ್ತು. ಪಾತ್ರೆ ತೊಳೆದ ನೀರನ್ನು ಗೋಡೆಗೆ ಚೆಲ್ಲುತ್ತೀರಿ, ಶುಚಿತ್ವವಿಲ್ಲ ಎಂದು ಅವರ ಮನೆಯವರ ಎದುರೇ ಅಂದೆ. ಅಡ್ವಾನ್ಸಿನಲ್ಲಿ 8,000 ರೂಪಾಯಿ ಮುರಿದುಕೊಂಡೆ. ಆ ಹೆಣ್ಣುಮಗಳು ಒಂದು ಮಾತೂ ಆಡಲಿಲ್ಲ. ಗಾರೆ ಮಾಡಿಸಿ, ಬಣ್ಣ ಹೊಡೆಸಿ, ಮನೆ ಖಾಲಿ ಬಿಟ್ಟಿದ್ದೆ. ಎರಡು ತಿಂಗಳಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಮೂಡಿತು. ಪಾತ್ರೆ ತೊಳೆಯುವವರು ಅಲ್ಲಿ ಯಾರೂ ಇರಲಿಲ್ಲ. ಗೋಡೆ ಒಡೆಸಿ ನೋಡಿದರೆ, ನಮ್ಮದೇ ಬಚ್ಚಲಿನಿಂದ ಇಳಿಯುವ ಪೈಪಿನ ಜಾಯಿಂಟ್ ಸೋರುತ್ತಿತ್ತು.

ತರಗತಿಯಲ್ಲಿ ವರ್ಷವಿಡೀ, ಕಾರಣ ಹುಡುಕದೆ ತೀರ್ಮಾನಕ್ಕೆ ಬರಬೇಡಿ ಎಂದು ಹೇಳುವವನು ನಾನು! ವಿಳಾಸ ಹುಡುಕಿ ಹಣ ಕಳಿಸಿ ಫೋನ್ ಮಾಡಿದೆ. ಆ ಕಂಡಕ್ಟರ್ ಬಹಳ ಸೌಜನ್ಯದಿಂದ ಮಾತಾಡಿದರು. ಕೊನೆಗೆ ಮಾತ್ರ, “ದುಡ್ಡು ಬಂತು ಸಾರ್. ನಮ್ಮ ಮನೇಲಿ ಶುಚಿ ಇಲ್ಲ ಅಂದ್ರಲ್ಲ, ಅದನ್ನ ಅವಳು ಇನ್ನೂ ಮರ್ತಿಲ್ಲ” ಎಂದರು. ಹಣ ಮರಳಿಸಬಹುದು. ಮಾತನ್ನು ಹೇಗೆ ಮರಳಿಸುವುದು?

ಆದ್ದರಿಂದ ವಿದ್ಯಾರ್ಥಿಗಳಿಗೂ ಪೋಷಕರಿಗೂ ನನ್ನದೊಂದೇ ಕೋರಿಕೆ. ಪ್ರಯೋಗಶಾಲೆಯಲ್ಲಿ ಆರಂಭದ ಅಳತೆ ಬರೆದುಕೊಳ್ಳದಿದ್ದರೆ ಕೊನೆಯ ಅಳತೆಗೆ ಅರ್ಥವಿಲ್ಲ. ಬಾಡಿಗೆ ಮನೆಗೂ ಇದೇ ನಿಯಮ. ಸಾಮಾನು ಇಳಿಸುವ ಮೊದಲೇ, ಮಾಲೀಕರನ್ನು ಜೊತೆಗಿಟ್ಟುಕೊಂಡು, ಪ್ರತಿ ಕೋಣೆಯ ಗೋಡೆ, ನೆಲ, ಚಾವಣಿ, ನಲ್ಲಿ, ಪಾಯಿಂಟ್, ಗಾಜು ನೋಡಿ. ಇರುವ ಕಲೆ ಬಿರುಕುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಫೋಟೋ ತೆಗೆಯಿರಿ. ಬಣ್ಣ ಯಾವ ವರ್ಷ ಹೊಡೆಸಿದ್ದು ಎಂದು ಕೇಳಿ ಬರೆದುಕೊಳ್ಳಿ. ಕರಾರು ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ. ಸೋರಿದ ದಿನವೇ ತಿಳಿಸಿ. ಒಡೆದದ್ದನ್ನು ಒಡೆದೆವು ಎಂದು ಒಪ್ಪಿಕೊಳ್ಳಿ; ಆ ಮೂವರು ಹುಡುಗರು ಗಾಜಿನ ವಿಷಯದಲ್ಲಿ ನಿಜ ಹೇಳಿದ್ದರಿಂದಲೇ ಉಳಿದ ಮಾತುಗಳಿಗೆ ಬೆಲೆ ಬಂತು ಎಂದು ನನ್ನ ನಂಬಿಕೆ.

ಮಾಲೀಕರಾಗಿರುವ ಪೋಷಕರಿಗೆ ಒಂದು ಮಾತು. ಕಲೆ ಕಂಡ ಕೂಡಲೇ ಇದ್ದವರ ಮುಖ ನೋಡಬೇಡಿ. ಮೊದಲು ಪೈಪು ನೋಡಿ.